ತೂತಿದ್ದ ವಾಲ್ವು

ಕುರುಗೋಡಿನ ತಿಪ್ಪೇಸ್ವಾಮಿಯ ಮನೆಯ ಕಿಟಕಿಯಲ್ಲಿ ಏಳು ಗಾಜಿನ ಬಾಟಲಿಗಳಿದ್ದವು. ಒಂದೊಂದರಲ್ಲೂ ಪ್ಲಾಸ್ಟಿಕ್ಕಿನ ತುಂಡು, ರಬ್ಬರಿನ ಬಳೆ ಬ್ಲೀಚಿನಲ್ಲಿ ಮುಳುಗಿ ಮಲಗಿದ್ದವು. ಬಿಸಿಲು ಅವುಗಳೊಳಗೆ ಇಳಿದಾಗ ಗೋಡೆಯ ಮೇಲೆ ತಿಳಿಹಸಿರು ಬೆಳಕು ಅಲುಗಾಡುತ್ತಿತ್ತು. ಅದನ್ನು ನೋಡುತ್ತ ಕೂತನೆಂದರೆ ಮುಗಿಯಿತು, ಚಹಾ ಆರಿದ್ದೂ ಅವನಿಗೆ ತಿಳಿಯುತ್ತಿರಲಿಲ್ಲ. ಮಂದಿ ಮೀನು ಸಾಕಿದರೆ ನಮ್ಮವರು ವಾಲ್ವು ಸಾಕುತ್ತಾರೆ ಎಂದು ಹೆಂಡತಿ ವಿರೂಪಮ್ಮ ನೆರೆಯವರ ಮುಂದೆ ನಗುತ್ತಿದ್ದಳು.

ಅವನು ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕವೊಂದರಲ್ಲಿ ಫಿಟ್ಟರ್. ಪ್ಯಾಂಟಿನ ಬಣ್ಣ ಇಳಿಸುವ ಬ್ಲೀಚ್ ಬಟ್ಟೆಯ ನೀಲಿಯನ್ನಷ್ಟೇ ತಿಂದು ಸುಮ್ಮನಿರುವ ಪೈಕಿಯಲ್ಲ. ಕಬ್ಬಿಣದ ವಾಲ್ವನ್ನು ವರ್ಷದೊಳಗೆ ಜರಡಿ ಮಾಡಿತ್ತು, ಹಿತ್ತಾಳೆಯದನ್ನು ಹಸಿರು ಪುಡಿ ಮಾಡಿತ್ತು, ಇಪ್ಪತ್ತು ವರ್ಷದಲ್ಲಿ ತಿಪ್ಪೇಸ್ವಾಮಿಯ ಮೂಗಿಗೆ ವಾಸನೆಯೇ ಹತ್ತದಂತೆ ಮಾಡಿತ್ತು. ಈಗ ಮಾಲೀಕ ಶಶಿಕಾಂತ್ ಎಲ್ಲವನ್ನೂ ಪ್ಲಾಸ್ಟಿಕ್ಕಿಗೆ ಬದಲಿಸಲು ಹೊರಟು, ಆರಿಸುವ ಕೆಲಸವನ್ನು ಇವನಿಗೇ ಬಿಟ್ಟಿದ್ದ. ಆ ವಾಲ್ವುಗಳನ್ನು ದಿನವೂ ತಿರುಗಿಸುವವಳು ಇವನ ಮಗಳು ಜ್ಯೋತಿ. ಬ್ಲೀಚ್ ತೊಟ್ಟಿಯ ಉಸ್ತುವಾರಿ ಅವಳದು. ಅದಕ್ಕೇ ಯಾವುದು ಬ್ಲೀಚನ್ನು ತಡೆಯುತ್ತದೆಂದು ವಾಲ್ವಿನ ಕಂಪನಿ ಕೊಟ್ಟ ಪಟ್ಟಿಯನ್ನು ನಂಬಲು ಅವನಿಗೆ ಮನಸ್ಸು ಬರಲಿಲ್ಲ.

ತುಂಡುಗಳನ್ನು ತಾನೇ ನಲವತ್ತು ದಿನ ನೆನೆಹಾಕಿದ. ಒಂದು ರಬ್ಬರು ನೆನೆದ ಶೇಂಗಾದಂತೆ ಉಬ್ಬಿತು. ಇನ್ನೊಂದು ಉಗುರು ತಾಗಿದರೆ ಉದುರಿತು. ಬೂದುಬಣ್ಣದ ಪಿವಿಸಿ ತುಂಡು, ವೈಟಾನ್ ಎಂಬ ರಬ್ಬರಿನ ಕರಿ ಬಳೆ ಮಾತ್ರ ಹಾಕಿದ ಹಾಗೇ ಉಳಿದವು. ಅವೆರಡನ್ನೂ ಬೊಗಸೆಯಲ್ಲಿ ಹಿಡಿದು ಅವನು ಮದುಮಕ್ಕಳನ್ನು ನೋಡಿದಂತೆ ನೋಡಿದ.

ಪೈಪಿನ ಅಂಗಡಿಯ ಅನಿತಾ ಅವೆರಡರಿಂದ ಮಾಡಿದ, ಒಳಗಿನ ಟೊಳ್ಳು ಗುಂಡು ತಿರುಗಿ ದಾರಿ ಮುಚ್ಚುವ ಬಾಲ್ ವಾಲ್ವುಗಳನ್ನು ಎರಡು ಬಗೆ ಮುಂದಿಟ್ಟಳು. ತಿಪ್ಪೇಸ್ವಾಮಿ ಮಡಕೆ ಕೊಳ್ಳುವವರ ಹಾಗೆ ಬೆರಳಿನಿಂದ ಬಡಿದ, ಕಿವಿಗಿಟ್ಟ, ಮುಚ್ಚಿ ಒಳಗೆ ಇಣುಕಿದ. ಒಂದು ಬಗೆಯದರಲ್ಲಿ, ಒಳಗಿನ ಗುಂಡಿನ ಒಂದು ಪಕ್ಕೆಯಲ್ಲಿ ಸೂಜಿ ಚುಚ್ಚಿದಂಥ ತೂತು. ಬ್ಲೀಚಿಗೆಂದು ಕಂಪನಿಯವರು ಇದನ್ನೇ ಕಳಿಸುತ್ತಾರೆ, ಯಾಕೋ ತನಗೂ ತಿಳಿಯದು ಎಂದಳು ಅವಳು.

"ತೂತಿರೋ ಮಡಿಕ್ಯಾಗ ಯಾರರ ನೀರು ತರ್ತಾರೇನವ್ವ?" ಎಂದು ಅವನು ನಕ್ಕು, ತೂತಿಲ್ಲದ ಐದನ್ನು ಆರಿಸಿಕೊಂಡ. ಜಾಣ ಎಡವಿದರೆ ಮೂರು ಕಡೆ ಗಾಯ ಅಂತಾರಲ್ಲ, ಹಾಗಾಯಿತು.

ಹೊಸ ವಾಲ್ವು ಕೂತ ತಿಂಗಳಿಗೆ ಅಮಾವಾಸ್ಯೆ ಬಂತು. ಅದಕ್ಕೆ ಮುಂಚೆ ಘಟಕಕ್ಕೆ ಮೂರು ದಿನ ಬೀಗ. ಪೈಪಿನ ತುಂಬ ಬ್ಲೀಚ್ ನಿಂತೇ ಇತ್ತು, ವಾಲ್ವೆಲ್ಲ ಮುಚ್ಚಿತ್ತು. ಅಮಾವಾಸ್ಯೆಯ ಸಂಜೆ ಒಂದೊಂದು ಯಂತ್ರಕ್ಕೂ ವಾಲ್ವಿಗೂ ವಿಭೂತಿ ಹಚ್ಚಿ, ಆಮೇಲೆ ವಾಲ್ವು ತೆರೆಯುವುದು ಅಲ್ಲಿನ ಪದ್ಧತಿ. ಜ್ಯೋತಿ ಊಟ ಮಾಡಿ ಪೂಜೆಗೆಂದು ಬಸ್ಸು ಹತ್ತಿದಳು.

ಮನೆಯಲ್ಲಿ ಉಳಿದ ಬ್ಲೀಚು ನಾರುತ್ತದೆಂದು ವಿರೂಪಮ್ಮ ಬೆಳಿಗ್ಗೆಯೇ ಗೊಣಗಿದ್ದಳು. ವಾಸನೆ ತಿಳಿಯದ ತಿಪ್ಪೇಸ್ವಾಮಿ ಬಾಟಲಿಯ ಮುಚ್ಚಳ ಬಿಗಿದು ಬಿಸಿಲಲ್ಲೇ ಬಿಟ್ಟಿದ್ದ. ಈಗ ಚಾಪೆಯ ಮೇಲೆ ಕಣ್ಣು ಹತ್ತಿತು. ಕನಸಿನಲ್ಲಿ ಸಂಗನಕಲ್ಲಿನ ಗುಡ್ಡ. ಹುಡುಗನಾಗಿದ್ದಾಗ ಬಡಿಯುತ್ತಿದ್ದ, ಗಂಟೆಯಂತೆ ದನಿ ಕೊಡುವ ಬಂಡೆಗಳು. ಒಂದೊಂದನ್ನೇ ಬಡಿಯುತ್ತ ಮೇಲೇರಿದ, ಎಲ್ಲವೂ ಹಾಡಿದವು. ತುದಿಯ ಬಂಡೆ ಮಾತ್ರ ಉಸಿರು ಬಿಗಿಹಿಡಿದು ಕೂತಿತ್ತು. ಅದರ ಪಕ್ಕದಲ್ಲಿ ಜ್ಯೋತಿ ನಿಂತಿದ್ದಳು.

ಟಪ್ ಎಂಬ ಸದ್ದಿಗೆ ಎದ್ದ. ಬಾಟಲಿಯ ಮುಚ್ಚಳ ಹಾರಿ ಮೂಲೆಗೆ ಬಿದ್ದಿತ್ತು.

ವಿರೂಪಮ್ಮ ಒದ್ದೆ ಬಟ್ಟೆ ಹಿಡಿದು ಬಂದಳು. "ಉಪ್ಪಿನಕಾಯಿ ಭರಣಿಗೆ ನಾ ಅರಿವಿ ಕಟ್ಟತೀನಿ, ಹೊಸದಾಗಿ ಹಾಕಿದಾಗ ಮುಚ್ಚಳ ಬಿಗಿಯಂಗಿಲ್ಲ. ಒಳಗಿಂದಕ್ಕೂ ಉಸಿರಾಡಾಕ ದಾರಿ ಬೇಕಲ್ರಿ. ಇಷ್ಟು ವರ್ಷ ಉಂಡೀರಿ, ನೋಡಿಲ್ಲೇನು?"

ಅವನು ಮುಚ್ಚಳ ನೋಡಿದ, ಕಿಟಕಿ ನೋಡಿದ. ನಲವತ್ತು ದಿನವೂ ಬಾಟಲಿಗಳ ಬಾಯಿ ತೆರೆದಿತ್ತು, ಬ್ಲೀಚಿನಿಂದ ಏಳುವ ಗಾಳಿ ಹೊರಗೆ ಹೋಗುತ್ತಿತ್ತು. ವಾಲ್ವಿನ ಗುಂಡಿನ ಹೊಟ್ಟೆಯಲ್ಲಿ ಸಿಕ್ಕ ಬ್ಲೀಚಿಗೆ ಎರಡೂ ಕಡೆ ಬಾಗಿಲು ಬಂದ್, ಮೇಲೆ ಬಳ್ಳಾರಿಯ ಬಿಸಿಲು. ಆ ತೂತು ಅದರ ಮೂಗು. ಆ ಮೂಗನ್ನು ಬೇಡವೆಂದವನು ತಾನೇ.

ಫೋನು ತೆಗೆದು ಎರಡು ಸಲ ತಪ್ಪು ನಂಬರು ಒತ್ತಿದ. ಮೂರನೆಯ ಸಲ ಜ್ಯೋತಿ ಸಿಕ್ಕಳು.

"ನಾಕು ವಾಲ್ವಿಗೆ ವಿಭೂತಿ ಹಚ್ಚಿದೆ, ಇದೊಂದು ಐತಿ. ಹಚ್ಚಿ ತಿರುಗಸ್ತೀನಿ."

"ಕೈ ತೆಗಿ, ಜ್ಯೋತಿ. ಯಾವುದನ್ನೂ ಮುಟ್ಟಬ್ಯಾಡ. ಎಲ್ಲಾರ್ನೂ ಕರಕೊಂಡು ಹೊರಗ ಹೋಗು."

"ಪೂಜಿ ಅರ್ಧಕ್ಕ ಬಿಡಬೇಕೇನಪ್ಪ?"

"ಬಿಡವ್ವ. ದೇವರಿಗೆ ನಾ ಹೇಳ್ತೀನಿ."

ಅವನ ಬಸ್ಸು ಬಳ್ಳಾರಿ ಮುಟ್ಟುವ ಮೊದಲೇ ಐದನೆಯ ವಾಲ್ವು ಒಡೆದಿತ್ತು. ಅದರ ಹಿಡಿಕೆ ಎದುರಿನ ಗೋಡೆಯ ಗಾರೆ ಕಿತ್ತು ಬಿದ್ದಿತ್ತು. ಒಳಗೆ ಯಾರೂ ಇರಲಿಲ್ಲ. ಗೇಟಿನ ಹೊರಗೆ ನಿಂತಿದ್ದ ಶಶಿಕಾಂತ್‌ನಿಗೆ ತಿಪ್ಪೇಸ್ವಾಮಿ ಸುತ್ತುಬಳಸದೆ ಹೇಳಿದ: ಮಾಲಿನದಲ್ಲ ತಪ್ಪು, ಆರಿಸಿದವನದು. ನಾಳೆ ತೂತಿದ್ದವನ್ನು ತಂದು, ಒಳಗಿನ ಉಸಿರು ತೊಟ್ಟಿಗೇ ಮರಳುವಂತೆ ತೂತು ಆ ಕಡೆಗಿಟ್ಟು ನಾನೇ ಕೂರಿಸುತ್ತೇನೆ. ಮಾಲೀಕ ತಲೆಯಾಡಿಸಿದ.

ಆಮೇಲೆ ಅವನು ಮಗಳ ಬಲಗೈ ಹಿಡಿದುಕೊಂಡ. ಬೆರಳ ತುದಿಯಲ್ಲಿ ವಿಭೂತಿ ಇನ್ನೂ ಇತ್ತು. ಒಂದೊಂದೇ ಬೆರಳನ್ನು ಒತ್ತಿ ನೋಡಿದ, ಅಂಗೈ ಮಗುಚಿ ನೋಡಿದ, ಮತ್ತೆ ಮೊದಲಿನಿಂದ ನೋಡತೊಡಗಿದ.

"ಇದರಾಗೂ ತೂತು ಹುಡುಕಾಕತ್ತೀಯೇನಪ್ಪ?" ಎಂದಳು ಜ್ಯೋತಿ.

ಅವನು ಕಿರುಬೆರಳಿನವರೆಗೂ ಒತ್ತಿ ನೋಡಿದ. ಕೈ ಮಾತ್ರ ಬಿಡಲಿಲ್ಲ.