ಕೊನೆಯ ಕುಸ್ತಿಯ ಮುಖವಾಡ

"ನಕಲಿ ಹೊಲಿಯೋ ಮುದುಕಿಗೆ ಕುರ್ಚಿ ಬೇರೆ ಕೇಡು!" ಎನ್ನುತ್ತ ವಕೀಲ ಬರ್ರಗಾನ್ ಕುರ್ಚಿಯನ್ನು ಕಾಲಿನಿಂದಲೇ ಅತ್ತ ತಳ್ಳಿದ. "ನಿಂತ್ಕೊಂಡೇ ರುಜು ಹಾಕಮ್ಮ. ಒಂದ್ ನಿಮಿಷದ ಕೆಲ್ಸ."

ಎಪಿಗ್ಮೆನಿಯಾ ನಿಂತಳು. ಮೆಕ್ಸಿಕೋ ನಗರದ ಆ ಗಾಜಿನ ಕಟ್ಟಡದ ಒಂಬತ್ತನೇ ಮಹಡಿ, ಆನ್‌ಲೈನ್ ಹರಾಜು ತಾಣದ ಕಚೇರಿ. ಮೇಜಿನ ಮೇಲಿನ ಕಾಗದದಲ್ಲಿ 'ನಾನು ಮಾರುವುದು ನಕಲಿ ಮುಖವಾಡ' ಎಂದು ಅಚ್ಚಾಗಿತ್ತು. ರುಜು ಹಾಕಿದರೆ ತಾಣದಲ್ಲಿ ಅವಳ ಅಂಗಡಿ ಉಳಿಯುತ್ತದೆ. ಇಲ್ಲವಾದರೆ ಇವತ್ತೇ ಮುಚ್ಚುತ್ತದೆ, ಮತ್ತೆಂದೂ ತೆರೆಯುವುದಿಲ್ಲ. ಬೀದಿಯಲ್ಲಿದ್ದ ಗೂಡಂಗಡಿಯನ್ನು ಪೊಲೀಸರು ಎತ್ತಿಹಾಕಿದ ಮೇಲೆ ಅವಳ ಹೊಟ್ಟೆಪಾಡಿಗೆ ಉಳಿದದ್ದು ಅದೊಂದೇ.

ಪಕ್ಕದಲ್ಲಿ ತೆಕೊಲೋತೆ ನಿಂತಿದ್ದ. ತೆಕೊಲೋತೆ ಅಂದರೆ ಗೂಬೆ. ಮುಖವಾಡ ತೊಟ್ಟು ಆಡುವ ಅಲ್ಲಿನ ಕುಸ್ತಿಯ ಅಖಾಡದಲ್ಲಿ ಮೂವತ್ತೊಂದು ವರ್ಷ ಅದೇ ಅವನ ಹೆಸರು. ಮೈಮೇಲೆ ಮಾಸಿದ ಕೋಟು, ಮುಖಕ್ಕೆ ಕಂದು ಮುಖವಾಡ, ಕಣ್ಣಿನ ಸುತ್ತ ಹಳದಿ ಅಂಚು. ಅದನ್ನು ಕಳಚಿ ಅವನು ಜನರೆದುರು ಬಂದವನೇ ಅಲ್ಲ. ಅವನ ನಿಜವಾದ ಮುಖ ಕಂಡಿದ್ದವರು ಇಬ್ಬರೇ: ತೀರಿಹೋದ ಹೆಂಡತಿ, ಮುಖವಾಡ ಹೊಲಿಯಲು ತಲೆಯ ಅಳತೆ ತೆಗೆದ ಎಪಿಗ್ಮೆನಿಯಾ. ಸೊಂಟ ಮುರಿದುಕೊಂಡ ಆ ಕೊನೆಯ ಕುಸ್ತಿಯಲ್ಲಿ ತೊಟ್ಟಿದ್ದ ಮುಖವಾಡವನ್ನು ಅವನೇ ಅವಳಿಗೆ ಕೊಟ್ಟಿದ್ದ. "ನೀನೇ ಹೊಲ್ದಿದ್ದು, ನೀನೇ ಮಾರ್ಕೊ ಅಕ್ಕ" ಅಂದಿದ್ದ. ಹರಾಜಿಗಿಟ್ಟ ಎರಡನೇ ದಿನವೇ ತಾಣದವರು ಅದನ್ನು ನಕಲಿ ಎಂದು ಕಿತ್ತುಹಾಕಿದರು. ದೂರು ಕೊಟ್ಟದ್ದು ಕುಸ್ತಿ ಆಡಿಸುವ ಕಂಪನಿ. ಆಸ್ಪತ್ರೆಯಲ್ಲಿ ಮಂಪರಿನಲ್ಲಿದ್ದವನ ಹೆಬ್ಬೆಟ್ಟು ಒತ್ತಿಸಿಕೊಂಡು ಗೂಬೆಯ ಹೆಸರು, ಮುಖ ಎರಡನ್ನೂ ಅದು ತನ್ನದಾಗಿ ಮಾಡಿಕೊಂಡಿತ್ತು. ಬರ್ರಗಾನ್ ಆ ಕಂಪನಿಯ ವಕೀಲ.

"ನಂದೊಂದನ್ನ ಕಿತ್ತಾಕಿದ್ರಿ," ಎಂದು ಅವಳು ಕಂಪ್ಯೂಟರಿನ ಮುಂದಿದ್ದ ತಾಣದ ಹುಡುಗಿಯನ್ನು ಕೇಳಿದಳು. "ಇವ್ರ ಕಂಪ್ನೀವು ನಾಕು ಇನ್ನೂ ಅಲ್ಲೇ ಅವೆ. ನಾಕಕ್ಕೂ 'ಕೊನೇ ಕುಸ್ತೀಲಿ ತೊಟ್ಟಿದ್ದು' ಅಂತ ಬರ್ದವ್ರೆ. ಈವಯ್ಯಂಗೆ ನಾಕು ತಲೆ ಇದ್ವೇನವ್ವ?"

ಹುಡುಗಿ ತಲೆ ಎತ್ತಲಿಲ್ಲ. "ನಕಲಿ ಅಂತ ದೂರು ಕೊಡೋಕೆ ಹಕ್ಕುದಾರರೇ ಬರ್ಬೇಕಮ್ಮ. ಹಕ್ಕುದಾರರು ಕಂಪ್ನಿಯವ್ರೇ."

"ಸರಿ ಹೋಯ್ತು. ಕಳ್ಳನ ಕೈಗೇ ಬೀಗದ ಕೈ ಕೊಟ್ಟು ಕೂತಿದ್ದೀರ."

ಬರ್ರಗಾನ್ ಚೀಲದಿಂದ ಒಂದು ಮುಖವಾಡ ತೆಗೆದು ಮೇಜಿನ ಮೇಲೆ ಎಸೆದ. 'ಅಸಲಿ' ಎಂಬ ಚಿನ್ನದ ಬಣ್ಣದ ಚೀಟಿ ಅದಕ್ಕೆ ಅಂಟಿತ್ತು. "ಇವ್ನೇ ಗೂಬೆ ಅಂತ ಏನ್ ಗ್ಯಾರಂಟಿ? ತಲೆಗೊಂದು ಚಿಂದಿ ಸುತ್ಕೊಂಡ್ರೆ ಯಾವ ಕುಡುಕನೂ ಗೂಬೇನೇ. ಬಿಚ್ಚಲೇ ಮುದಿಯಾ, ಕ್ಯಾಮರಾಕ್ಕೆ ಮೋರೆ ತೋರ್ಸು!"

ತೆಕೊಲೋತೆಯ ಕೈ ತಲೆಯ ಹಿಂದಿನ ಲಾಡಿಗೆ ಹೋಯಿತು. ಎಪಿಗ್ಮೆನಿಯಾ ಆ ಕೈಗೆ ಫಟ್ಟನೆ ಹೊಡೆದಳು.

"ಎಲ್ರೂ ಗೋಡೆ ಕಡೆ ತಿರುಗ್ರಿ."

ಅವಳ ಹೊಲಿಗೆಮನೆಯ ಕಟ್ಟಳೆ ಅದು. ತಲೆಯ ಅಳತೆ ತೆಗೆಯುವಾಗ ಪಾದ್ರಿ ಬಂದಿದ್ದರೂ ಗೋಡೆ ನೋಡಬೇಕು. ಬಾಗಿಲಲ್ಲಿದ್ದ ಕಾವಲುಗಾರ ಮೊದಲು ತಿರುಗಿದ. ಅಗ್ಗದ ಟಿಕೆಟ್ಟಿನಲ್ಲಿ ಕುಸ್ತಿ ನೋಡಿ ಬೆಳೆದವನಿರಬೇಕು. ಹುಡುಗಿಯೂ ತಿರುಗಿದಳು. ಬರ್ರಗಾನ್ ಮಾತ್ರ ಹಲ್ಲು ಕಿರಿಯುತ್ತ ನಿಂತ. ಅಷ್ಟರಲ್ಲಿ ಅವಳು ಹೊದ್ದಿದ್ದ ಶಾಲನ್ನು ತೆಕೊಲೋತೆಯ ತಲೆಯ ಮೇಲೆ ಹಾಕಿ, ಕಂಪನಿಯ ಮುಖವಾಡವನ್ನು ಒಳಗೆ ತೂರಿಸಿದ್ದಳು.

ಶಾಲಿನ ಮರೆಯಲ್ಲಿ ಅವನು ತನ್ನದನ್ನು ಕಳಚಿ ಕಂಪನಿಯದನ್ನು ತೊಟ್ಟ. ಶಾಲು ತೆಗೆದಾಗ ಎಲ್ಲರೂ ತಿರುಗಿ ನೋಡಿದರು. ಅಖಾಡದಲ್ಲಿ ಪೆಟ್ಟು ತಿಂದು ತಿಂದು ಅವನ ಎಡಗಿವಿ ಗಂಟು ಕಟ್ಟಿಕೊಂಡಿತ್ತು. ಅದಕ್ಕೆಂದೇ ಅವಳು ಎಡಗಡೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟು ಹೊಲಿಯುತ್ತಿದ್ದಳು. ಕಂಪನಿಯದು ಕಿವಿಗೆ ಸಿಕ್ಕಿ ಸೊಟ್ಟಗಾಗಿ, ಒಂದು ಕಣ್ಣಿನ ತೂತು ಮೂಗಿನ ಮೇಲೂ ಇನ್ನೊಂದು ಕಪಾಳದ ಮೇಲೂ ಕೂತಿತ್ತು. ಹೊಲಿಗೆ ಬಿಟ್ಟಿತ್ತು. ಅಷ್ಟು ದೊಡ್ಡ ಆಳು ಕುರುಡನ ಹಾಗೆ ಗಾಳಿಯಲ್ಲಿ ಕೈಯಾಡಿಸಿದ.

"ಇದನ್ನ ಹಾಕ್ಕಂಡು ಕುಸ್ತಿ ಮಾಡಿದ್ನೇನ್ಲಾ, ಬೋಳಿಮಗನೇ? ದಾರೀನೇ ಕಾಣಕಿಲ್ಲ ಇವ್ನಿಗೆ!"

ಕಾವಲುಗಾರ ಕಿಸಕ್ಕೆಂದ. ಬರ್ರಗಾನನ ಮುಖ ಕೆಂಪಾಯಿತು. "ಕಿವಿ ಕಟ್ಕೊಂಡು ಏನ್ ಮಾಡ್ಲಿ? ಕಾಗದ ಯಾರತ್ರ ಐತೋ ಅವ್ರದೇ ಅಸಲಿ. ಮುಚ್ಚಮ್ಮ ಇವ್ಳ ಅಂಗಡೀನ."

ಹುಡುಗಿ ಒಂದು ಗುಂಡಿ ಒತ್ತಿದಳು. ಪರದೆಯ ಮೇಲಿದ್ದ ಎಪಿಗ್ಮೆನಿಯಾಳ ಹೆಸರು ಅಳಿಸಿಹೋಯಿತು. ಅವಳ ಎದೆಯೊಳಗೆ ಬೆಂಕಿ ಬಿತ್ತು. ಆದರೂ ಮೊದಲು ಶಾಲು ಹಿಡಿದು, ತೆಕೊಲೋತೆ ತನ್ನ ಮುಖವಾಡ ತೊಟ್ಟುಕೊಳ್ಳುವ ತನಕ ಕಾದಳು. ಕಂಪನಿಯದು ಬೆವರಿನಿಂದ ಒದ್ದೆಯಾಗಿ ಅವಳ ಕೈಯಲ್ಲಿ ಉಳಿಯಿತು.

ಬರ್ರಗಾನ್ ಕೈ ಚಾಚಿದ. ಕಣ್ಣು ಅರಳಿದ್ದವು. "ಕೊಡಿಲ್ಲಿ. ಈಗಿದು ಅವ್ನು ತೊಟ್ಟಿದ್ದೇ ಆಯ್ತಲ್ಲ. ಬೆವರೂ ಐತೆ. ಲೇ ಹುಡುಗಿ, ಫೋಟೋ ತೆಗಿ, ಇದಕ್ಕೆ ಜನ ಮುಗಿಬೀಳ್ತಾರೆ!"

ಅವಳು ಕೈಯಲ್ಲಿದ್ದುದನ್ನು ನೋಡಿದಳು. ಅವನು ಹೇಳಿದ್ದು ದಿಟ. ಕಂಪನಿಯ ಸರಕಿನಲ್ಲೆಲ್ಲ ಗೂಬೆಯ ತಲೆ ಕಂಡದ್ದು ಇದೊಂದೇ. ಸೊಂಟದ ಚೀಲದಿಂದ ಕತ್ತರಿ ತೆಗೆದು ಹಣೆಯಿಂದ ಶುರುಮಾಡಿದಳು. ಕಣ್ಣು, ಮೂಗು, ಬಾಯಿ, ಚಿನ್ನದ ಚೀಟಿ ಎಲ್ಲವೂ ಚೂರಾಗಿ ರುಜುವಿನ ಕಾಗದದ ಮೇಲೆ ಬಿದ್ದವು.

"ಕತ್ರಿಸ್ಕೊಳೇ ಮುಂಡೆ," ಬರ್ರಗಾನ್ ನಗಲು ನೋಡಿದ. "ಗೋಡೌನ್‌ನಲ್ಲಿ ಇನ್ನೂ ಮುನ್ನೂರಿವೆ."

ಎಪಿಗ್ಮೆನಿಯಾ ಅವನು ಅತ್ತ ತಳ್ಳಿದ್ದ ಕುರ್ಚಿಯನ್ನು ಕಾಲಿನಿಂದಲೇ ಎಳೆದುಕೊಂಡು ಕೂತಳು.

"ತರ್ಸು," ಎಂದಳು, ಕತ್ತರಿಯನ್ನು ಶಾಲಿಗೆ ಒರೆಸುತ್ತ.