ಗೊತ್ತಿರುವ ದನಿ

ಕೊರಿಯರ್‌ನವನು ಮರದ ಪೆಟ್ಟಿಗೆಯ ಒಂದು ತುದಿ ಎತ್ತಿದ್ದ, ಮೈದುನ ಇನ್ನೊಂದಕ್ಕೆ ಕೈ ಹಾಕಿದ್ದ. ಅಷ್ಟರಲ್ಲಿ ಅವಳು ಅಡ್ಡ ಬಂದು ಮುಚ್ಚಳದ ಮೇಲೆ ಅಂಗೈ ಊರಿದಳು.

“ಇಳಿಸಿ. ಇದು ಹೋಗಲ್ಲ.”

ಗಂಡನನ್ನು ಮಣ್ಣು ಮಾಡಿ ಬಂದು ಇನ್ನೂ ಎರಡು ಗಂಟೆಯಾಗಿರಲಿಲ್ಲ.

“ಅತ್ತಿಗೆ, ಅಣ್ಣನ ಕೊನೇ ಆರ್ಡರ್ ಇದು. ನಾಳೆ ಹಡಗು ಹೊರಡುತ್ತೆ. ಅವನು ಒಂದು ದಿನಾನೂ ತಡ ಮಾಡಿದವನಲ್ಲ.”

“ಒಳಗೆ ಟೆಸ್ಟ್ ಟೇಪ್ ಇದೆ. ಅದನ್ನ ಕೇಳ್ಬೇಕು.”

“ಅದ್ರಲ್ಲಿ ನಿನ್ನ ದನಿ ತಾನೇ ಇರೋದು, ಅಮ್ಮಾ?” ಎಂದಳು ಮಗಳು.

“ಒಂದು ಸಲವಾದ್ರೂ ‘ಬಂದೆ’ ಅಂದಿರಲ್ವೇನೇ ನಿಮ್ಮಪ್ಪ?”

ಎರಡು ದೊಡ್ಡ ಚಕ್ರ ತಿರುಗುವ ಹಳೇ ಟೇಪ್ ರೆಕಾರ್ಡರ್‌ಗಳನ್ನು ಗುಜರಿಯಲ್ಲಿ, ಬಾಗಿಲು ಮುಚ್ಚಿದ ಸ್ಟುಡಿಯೊಗಳಲ್ಲಿ ಹುಡುಕಿ ಕೊಂಡು, ರಿಪೇರಿ ಮಾಡಿ, ಮೂವತ್ತು ವರ್ಷ ಕಡಲಾಚೆ ಕಳಿಸಿದ ಮನುಷ್ಯ ಅವನು. ಬೀದಿಗೆಲ್ಲ ಟೇಪಣ್ಣ. ‘ಟೇಪಣ್ಣ ರೆಕಾರ್ಡ್ ಮಾಡ್ಕೋತಾನೆ, ಪ್ಲೇ ಆಗಲ್ಲ’ ಎಂದು ಅವನೆದುರೇ ನಗುತ್ತಿದ್ದರು, ಅವನೂ ನಗುತ್ತಿದ್ದ. ಬೆಳಿಗ್ಗೆಯಿಂದ ಮಗಳು ಅಪ್ಪನ ದನಿಗಾಗಿ ಫೋನುಗಳನ್ನೆಲ್ಲ ಜಾಲಾಡಿದ್ದಳು. ವಿಡಿಯೊ ತೆಗೆದವನು ಅವನೇ, ಒಂದರಲ್ಲೂ ತುಟಿ ಬಿಚ್ಚಿರಲಿಲ್ಲ. ಹೋದ ಎರಡೇ ದಿನಕ್ಕೆ ಗಂಡನ ದನಿ ಹೇಗಿತ್ತೆಂದು ನೆನಪಿಗೆ ಬಾರದೆ ಅವಳಿಗೆ ಭಯವಾಗಿತ್ತು.

“ಕಾಯ್ತೀನಮ್ಮಾ,” ಎಂದು ಕೊರಿಯರ್‌ನವನು ಮೆಟ್ಟಿಲ ಮೇಲೆ ಕುಳಿತ.

* * *

ವರ್ಷಗಳ ಹಿಂದೆ, ಮೊದಲ ಸಲ ಗಂಡ ಅಡುಗೆಮನೆ ಬಾಗಿಲಿಗೆ ಮೈಕು ತಂದಾಗ ಅವಳು ರೇಗಿದ್ದಳು.

“ನೀವೇ ಮಾತಾಡ್ರೀ! ಬಾಯಿಗೆ ಬೀಗ ಹಾಕಿದಾರಾ?”

“ನನ್ನ ದನಿ ನಂಗೇ ಬೇರೆ ಯಾರದ್ದೋ ಥರ ಕೇಳುತ್ತೆ. ಟೇಪಿನ ವೇಗ ಸರಿ ಇದೆಯೋ ಇಲ್ವೋ ತಿಳಿಯಲ್ಲ. ಚೆನ್ನಾಗಿ ಗೊತ್ತಿರೋ ದನಿ ಬೇಕು.”

“ಏನ್ ಹೇಳ್ಲಿ?”

“ದಿನಾ ಹೇಳೋದೇ ಹೇಳು.”

ದಿನಾ ಅವಳು ಹೇಳುತ್ತಿದ್ದುದು ಒಂದೇ ಮಾತು. ಅವನು ಕಣ್ಣು ಮುಚ್ಚಿ ಕೇಳಿ, ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಕೇಳುತ್ತಿದ್ದ. ಬರಬರುತ್ತ ಮೈಕು ಮೇಜಿನ ಮೇಲೇ ಉಳಿಯಿತು. ಅವಳು ಊಟಕ್ಕೆ ಕರೆಯುವ ಹೊತ್ತಿಗೆ ಗುಂಡಿ ಒತ್ತುವುದು, ಮಾತು ಮುಗಿದ ಕೂಡಲೇ ನಿಲ್ಲಿಸುವುದು. ಕೊಂಡವರು ಹಾಕಿ ನೋಡಲೆಂದು ಆ ಟೇಪೂ ಯಂತ್ರದ ಜೊತೆ ಹೋಗುತ್ತಿತ್ತು. ಕಂಡರಿಯದ ಊರುಗಳ ಜನ ಅವಳ ಗದರಿಕೆ ಕೇಳಿದ್ದರು.

* * *

ಅಣ್ಣ ಬಿಗಿದ ಸ್ಕ್ರೂಗಳನ್ನು ಮೈದುನ ಒಂದೊಂದಾಗಿ ಬಿಚ್ಚಿದ. ಯಂತ್ರವನ್ನು ಅಣ್ಣನ ಮೇಜಿನ ಮೇಲೇ ಇಟ್ಟರು. ಮಗಳು ಟೇಪು ಪೋಣಿಸಿದಳು. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

‘ರೀ, ಊಟಕ್ಕೆ ಬನ್ನಿ. ಇದು ಮೂರನೇ ಸಲ. ಆಮೇಲೆ ತಣ್ಣಗಾಯ್ತು ಅಂತ ಮುಖ ಊದಿಸ್ಬೇಡಿ.’

ಯಾರೋ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು.

ಎಂದಿನಂತೆ ಅವನು ರೆಕಾರ್ಡಿಂಗ್ ಇಲ್ಲಿಗೆ ನಿಲ್ಲಿಸಬೇಕಿತ್ತು. ಸುಸ್ತಾಗಿತ್ತೋ ಏನೋ, ಮರೆತಿದ್ದ. ಚಕ್ರಗಳು ತಿರುಗುತ್ತಲೇ ಇದ್ದವು. ಅವಳು ಸೆರಗನ್ನು ಬಾಯಿಗೆ ಒತ್ತಿ ಕಾದಳು. ಒಂದು ಮಾತು ಸಾಕಿತ್ತು, ಒಂದೇ ಒಂದು.

ಮಾತು ಬರಲಿಲ್ಲ. ನಿಡಿದಾದ ಒಂದು ಉಸಿರು. ಕುರ್ಚಿ ಹಿಂದೆ ಸರಿದ ಸದ್ದು. ಆಮೇಲೆ ಅವನ ಚಪ್ಪಲಿ, ದಿನಾ ಕೇಳುತ್ತಿದ್ದ ಹಾಗೇ ಬಲಗಾಲು ತುಸು ಎಳೆಯುತ್ತ, ಮೇಜಿನಿಂದ ಅಡುಗೆಮನೆಯ ಕಡೆಗೆ.

ಬಾಗಿಲಲ್ಲಿ ನಿಂತಿದ್ದವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.