ಮೂರನೇ ನಂಬರಿನ ಕುಕೀ

ಎರಡು ಸಾವಿರದ ನಾಲ್ಕನೇ ಇಸವಿ. ಜಯಲಕ್ಷ್ಮಿಪುರಂನ ಸಿದ್ದರಾಜುವಿನ ಸೈಬರ್ ಸೆಂಟರಿನಲ್ಲಿ ಮರೆಗೆ ಬಟ್ಟೆಯ ಪರದೆ ಇದ್ದದ್ದು ಮೂರನೇ ನಂಬರಿನ ಕಂಪ್ಯೂಟರಿಗೆ ಮಾತ್ರ. ಮಾನವಂತರೆಲ್ಲ ಅದಕ್ಕೇ ಕಾಯುತ್ತಿದ್ದರು. ಶನಿವಾರ ಹನ್ನೊಂದಕ್ಕೆ ಅದು ನಿವೃತ್ತ ಮೇಷ್ಟ್ರು ರುದ್ರಸ್ವಾಮಿಯವರದು.

ಅವರ ಹೆಂಡತಿ ಹೋಗಿ ಆರು ವರ್ಷವಾಗಿತ್ತು. ಮಗಳು ಮಧುಶ್ರೀಗೆ ಇಪ್ಪತ್ತೇಳು. ಮದುವೆಯ ಮಾತೆತ್ತಿದರೆ ಸಾಕು, "ನಿಮ್ಮನ್ನ ಯಾರು ನೋಡ್ಕೋತಾರೆ?" ಎಂದು ಪಾತ್ರೆ ಕುಕ್ಕುತ್ತಿದ್ದಳು. ಹಾಗಾಗಿ ಅಪ್ಪ ಮದುವೆಯ ವೆಬ್‌ಸೈಟಿನಲ್ಲಿ ಕದ್ದು ಗಂಡು ಹುಡುಕುತ್ತಿದ್ದರು. ಭಾನುವಾರ ಮಗಳೂ ಇ-ಮೇಲ್ ನೋಡಲು ಅಲ್ಲಿಗೇ ಬರುವವಳು. ಸಿಕ್ಕಿಬಿದ್ದರೆ ಗತಿ?

"ಸೈಟಿನೋರು ಕಂಪ್ಯೂಟರಲ್ಲಿ ಒಂದು ಚೀಟಿ ಇಟ್ಟೋಗ್ತಾರೆ ಸಾರ್, ಕುಕೀ ಅಂತ. ಮುಂದಿನ ಸಲ ಯಾರು ತೆಗೆದ್ರೂ ಅದನ್ನ ನೋಡಿ ಹಳೇ ಹೆಸರಿಡಿದೇ ಕರೀತದೆ. ಸೈಟು ಮುಚ್ಚಿದ್ರೆ ಹೋಗಲ್ಲ ಕಣ್ರೀ, ಅಳಿಸ್ಬುಡಬೇಕು," ಎಂದು ಸಿದ್ದರಾಜು ದಾರಿ ತೋರಿಸಿದ್ದ. ಪ್ರಸಾದದ ತಟ್ಟೆಯಲ್ಲಿ ಒಂದಗುಳೂ ಬಿಡದ ಮನೆತನ. ರುದ್ರಸ್ವಾಮಿ ಕುಕೀ ಬಿಟ್ಟಾರೆಯೇ? ಪ್ರತಿವಾರ ಅಳಿಸಿಯೇ ಏಳುತ್ತಿದ್ದರು.

ಆ ಶನಿವಾರ ಸೈಟು ತೆರೆದದ್ದೇ ತಡ, "ವೆಲ್‌ಕಮ್ ಮಧುಶ್ರೀ" ಎಂದಿತು.

ಮೇಷ್ಟ್ರಿಗೆ ಸ್ವರ್ಗ ಮೂರೇ ಗೇಣು. ಬಾಯಲ್ಲಿ ಬೇಡ ಎಂದರೂ ಹುಡುಗಿ ತಾನೇ ಗಂಡು ಹುಡುಕುತ್ತಿದ್ದಾಳೆ! ಪಾಪ, ಚೀಟಿಯ ವಿಷಯ ಅವಳಿಗೆ ತಿಳಿಯದು. ನೋಡಬಾರದು ಎಂದುಕೊಳ್ಳುತ್ತಲೇ ಅವಳ ಪುಟ ತೆರೆದರು.

ಫೋಟೋದಲ್ಲಿ ಇದ್ದವರು ತಾವೇ! ತಂಗಿಯ ಗೃಹಪ್ರವೇಶದ್ದು, ಪೇಟದ ಸಮೇತ. ಅರವತ್ತೊಂದರ ವಯಸ್ಸನ್ನು ಮಗಳು ಐವತ್ತೈದಕ್ಕೆ ಇಳಿಸಿದ್ದಳು. ಐವತ್ತೈದಕ್ಕೆ ಯಾವ ಮೇಷ್ಟ್ರು ನಿವೃತ್ತರಾದಾರು ಎಂಬುದು ಅವಳಿಗೆ ಹೊಳೆದಿರಲಿಲ್ಲ. ಕೆಳಗೆ ಬರೆದಿದ್ದಳು: "ನಿವೃತ್ತ ಮೇಷ್ಟ್ರು, ವಿಧುರ. ಗೊರಕೆ ಹೊಡೆಯುತ್ತಾರೆ, ಮನಸ್ಸು ಬೆಣ್ಣೆ. ಅಪ್ಪನಿಗೊಂದು ಜೊತೆ ಸಿಕ್ಕಿದ ಮೇಲೆಯೇ ನನ್ನ ಮದುವೆ."

ಅಕ್ಷರಗಳು ಮಂಜಾದವು. ಕನ್ನಡಕ ತೆಗೆದು ಒರೆಸಿದರು, ಆಮೇಲೆ ಕಣ್ಣನ್ನೂ. ಹಿಂದೆಯೇ ಸಿಟ್ಟೂ ಬಂತು. ಗೊರಕೆಯನ್ನು ಲೋಕಕ್ಕೆಲ್ಲ ಸಾರಬೇಕಿತ್ತೇ?

ಮಗಳ ಖಾತೆಯಿಂದ ಹೊರಬಂದು ತಮ್ಮದನ್ನು ತೆರೆದರು. ಅವಳ ವರಾನ್ವೇಷಣೆಯ ವಿವರದ ಕೊನೆಗೆ ಒಂದು ಸಾಲು ಸೇರಿಸಿದರು: "ಹುಡುಗಿಯ ತಂದೆಯೂ ಮದುವೆಗೆ ಒಪ್ಪಿದ್ದಾರೆ, ತಮ್ಮದಕ್ಕೆ. ಗೊರಕೆ ಶುದ್ಧ ಸುಳ್ಳು."

ಎದ್ದು ನಿಂತಾಗ ಸಿದ್ದರಾಜು ಕೇಳಿದ, "ಸಾರ್, ಕುಕೀ ಅಳಿಸ್ಬುಟ್ರಾ?"

"ಇವತ್ತು ಇರ್ಲಿ ಬುಡು. ಯಾರೂ ಮುಟ್ಟದಂಗೆ ನೋಡ್ಕೋ. ನಾಳೆ ಮಧು ಬಂದ್ರೆ ಮೂರನೇ ನಂಬರಿಗೇ ಕೂರ್ಸು. ಸೈಟು ನನ್ನ ಹೆಸರಿಡಿದು ಕರೀಲಿ ಕಣೋ."